ನನಗಾಗಿ ನಿಂತ ನಾಟಿ

ಅವತ್ತು ನಾನು ಹೊರಗಾಗಿರಲಿಲ್ಲ. ಮೈಯಲ್ಲಿ ಚೆನ್ನಾಗಿಯೇ ಇದ್ದೆ. ಮುಟ್ಟಾಗಿದ್ದೇನೆ, ಗದ್ದೆಗೆ ಇಳಿಯುವಂತಿಲ್ಲ ಎಂದು ಗೌರಕ್ಕನಿಗೆ ಸುಳ್ಳು ಹೇಳಿದೆ — ಅವಳು ನಂಬಿದಳು — ನಂಬಿದ್ದರಿಂದ ಅವಳ ಗದ್ದೆ ಕೈಬಿಟ್ಟು ಹೋಯಿತು. ಹೇಳಬೇಕಾದದ್ದು ಇಷ್ಟೇ. ಉಳಿದದ್ದು ಹೇಗಾಯಿತು ಎಂಬ ವಿವರ. ಆದರೆ ವಿವರ ಬಿಟ್ಟು ಹೇಳಿದರೆ ಮತ್ತೆ ಅರ್ಧ ಸುಳ್ಳು ಹೇಳಿದ ಹಾಗಾಗುತ್ತದೆ.

ನನ್ನ ಹೆಸರು ಜಯಮ್ಮ. ಕಿರಂಗೂರು ದಾಟಿ ಪಾಂಡವಪುರದ ಕಡೆಗೆ ಹೋಗುವ ಹಾದಿಯಲ್ಲಿ ನಮ್ಮೂರು. ಇಟ್ಟಿಗೆ ಗೂಡಿನ ಜಯಮ್ಮ ಎಂದರೆ ಈ ಸುತ್ತಿನಲ್ಲಿ ಮನೆ ಕಟ್ಟಿಸಿದವರಿಗೆಲ್ಲ ಗೊತ್ತು. ಗೊತ್ತಿಲ್ಲ ಎಂದವರ ಮನೆಗೆ ಒಳ್ಳೆಯ ಇಟ್ಟಿಗೆ ಬಿದ್ದಿಲ್ಲ ಎಂದೇ ಅರ್ಥ. ಜಂಭ ಎನ್ನುತ್ತೀರಾ? ಅನ್ನಿ. ನನ್ನ ಇಟ್ಟಿಗೆಯ ವಿಷಯದಲ್ಲಿ ನಾನು ಎಂದೂ ತಲೆ ತಗ್ಗಿಸಿ ಮಾತಾಡಿದವಳಲ್ಲ, ಇವತ್ತೂ ಆಡುವುದಿಲ್ಲ. ತಗ್ಗಿಸಬೇಕಾದ ಜಾಗ ಬೇರೆ ಇದೆ.

ಗೂಡು ಮೊದಲು ನಮ್ಮ ಯಜಮಾನರದು. ತೊಂಬತ್ತರ ದಶಕದ ಶುರುವಿನಲ್ಲಿ, ನಾನು ಮದುವೆಯಾಗಿ ಬಂದ ಮಾರನೆಯ ವರ್ಷ, ಲಾರಿಗೆ ಇಟ್ಟಿಗೆ ತುಂಬುವಾಗ ಅವರು ಮೇಲಿಂದ ಬಿದ್ದರು. ಸೊಂಟಕ್ಕೆ ಏಟಾಗಿ ಹಾಸಿಗೆ ಹಿಡಿದರು. ಗೂಡಿನಲ್ಲಿ ಅಚ್ಚು ಹಿಡಿದು ಇಟ್ಟಿಗೆ ಕೊಯ್ಯುವ ಆಳುಗಳು ಕೂತಿದ್ದರು, ಕೆರೆಯಿಂದ ತಂದ ಗೋಡು ಮಣ್ಣು ಗುಡ್ಡೆ ಬಿದ್ದಿತ್ತು. ಬಂದವರೆಲ್ಲ ಒಂದೇ ಮಾತು: ಗೂಡು ಮಾರಿಬಿಡು, ಹೆಂಗಸಿನ ಕೈಲಿ ಆಗುವ ಕೆಲಸವಲ್ಲ. ನನಗೆ ರೇಗಿತು. "ಮಣ್ಗೆ ಗಂಡು ಎಣ್ಣು ಗೊತ್ತಾದದಾ?" ಎಂದು ಕೇಳಿ, ಸೀರೆ ಎತ್ತಿ ಕಟ್ಟಿ ಮಣ್ಣಿನ ಗುಂಡಿಗೆ ಇಳಿದೆ.

ಇಳಿದೆ, ಸರಿ. ಆದರೆ ನನಗೆ ಏನು ಗೊತ್ತಿತ್ತು? ಏನೂ ಗೊತ್ತಿರಲಿಲ್ಲ. ಕಲಸಿದ ಮಣ್ಣಿನ ಮುದ್ದೆಯನ್ನು ಸೆರಗಲ್ಲಿ ಕಟ್ಟಿಕೊಂಡು ಮನೆಗೆ ಓಡುತ್ತಿದ್ದೆ. ಯಜಮಾನರು ಮಲಗಿದ್ದಲ್ಲೇ ಅದನ್ನು ಅಂಗೈಯಲ್ಲಿ ಹಿಸುಕಿ ನೋಡಿ, "ಇನ್ನೊಂದ್ ಚೂರು ಮರಳು ಸೇರ್ಸು ಕಣೇ, ಬಿರಿತದೆ" ಎನ್ನುತ್ತಿದ್ದರು. ಮತ್ತೆ ಗುಂಡಿಗೆ ಓಟ. ಹಾಸಿಗೆಯ ಅಂಚೆಲ್ಲ ಮಣ್ಣು. ಆ ಮನುಷ್ಯ ಒಂದು ದಿನವೂ ನನ್ನ ಮೇಲೆ ಸಿಡುಕಲಿಲ್ಲ. ನನ್ನ ಬಾಯಿ ಗೊತ್ತಿದ್ದವರು ಇದನ್ನು ಕೇಳಿ ಆಶ್ಚರ್ಯ ಪಡುತ್ತಾರೆ.

ಊರು ಮಾತ್ರ ಬೇರೆ ಮಾತಾಡುತ್ತಿತ್ತು. ಬಂದು ವರ್ಷವಾಗುತ್ತಲೇ ಗಂಡನನ್ನು ಮಲಗಿಸಿದಳು, ಇವಳ ಕಾಲ್ಗುಣ ಸರಿಯಿಲ್ಲ — ಎದುರಿಗೆ ಅಲ್ಲ, ಬೆನ್ನ ಹಿಂದೆ. ಒಂದು ಮದುವೆ ಚಪ್ಪರದಲ್ಲಿ ಮುತ್ತೈದೆಯರೆಲ್ಲ ಸಾಲಾಗಿ ಕೂತು ಅರಿಶಿನ ಹಚ್ಚುತ್ತಿದ್ದರು. ನನ್ನ ಸರದಿ ಬಂದಾಗ ತಟ್ಟೆ ನನ್ನನ್ನು ದಾಟಿ ಪಕ್ಕದವಳ ಕೈಗೆ ಹೋಯಿತು. ನಾನು ಎದ್ದು ಗೂಡಿಗೆ ಹೋದೆ. ಅವತ್ತು ಎಷ್ಟು ಇಟ್ಟಿಗೆ ಕೊಯ್ದೆನೋ, ಆಳುಗಳೇ ಸಾಕು ಬಿಡವ್ವ ಎಂದರು.

ಆ ಚಪ್ಪರದಲ್ಲಿ ಇದನ್ನು ನೋಡಿದವಳು ಗೌರಕ್ಕ. ನಮ್ಮ ಎದುರು ಮನೆಯವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ನಾಲೆಯ ಕೊನೆಯಲ್ಲಿದ್ದ ಒಂದು ತುಂಡು ಗದ್ದೆಯನ್ನು ಅವಳೇ ಬೇಸಾಯ ಮಾಡುತ್ತಿದ್ದಳು. ಗದ್ದೆ ಇನ್ನೂ ಪಾಲಾಗಿರಲಿಲ್ಲ. ಪಹಣಿ ಇದ್ದದ್ದು ಮೈದುನ ನಂಜೇಗೌಡನ ಹೆಸರಿನಲ್ಲಿ. ಅವನು ಆ ವರ್ಷ ಜಗಲಿ ಮೇಲೆ ಎಲ್ಲರ ಮುಂದೆ ಹೇಳಿಬಿಟ್ಟಿದ್ದ: "ಈ ಬೆಳೆ ಒಂದ್ ನೋಡ್ತೀನಿ. ಬೆಳುದ್ರೆ ನೀನೇ ಮಾಡ್ಕೊ ಅತ್ಗೆ. ಇಲ್ದಿದ್ರೆ ಗದ್ದೆ ನನ್ಗೆ ಬುಟ್ಬುಡು." ಈ ಮಾತು ಬೀದಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೇ — ಇರಲಿ, ಅಲ್ಲಿಗೆ ಬರುತ್ತೇನೆ.

ನಾನು ಗೂಡು ಹಿಡಿದ ಮೊದಲನೆಯ ಬೇಸಿಗೆ. ಕೊಯ್ದ ಹಸಿ ಇಟ್ಟಿಗೆಯೆಲ್ಲ ಕಣದಲ್ಲಿ ಒಣಗುತ್ತಿತ್ತು. ಹಸಿ ಇಟ್ಟಿಗೆಗೆ ಒಂದು ಜೋರು ಮಳೆ ಸಾಕು, ಕರಗಿ ಮತ್ತೆ ಮಣ್ಣೇ. ಭರಣಿ ಮಳೆ ಮಧ್ಯಾಹ್ನದ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಕವಿದುಕೊಂಡು ಬಂತು. ಆಳುಗಳು ಊಟಕ್ಕೆ ಹೋಗಿದ್ದರು. ನಾನೊಬ್ಬಳು ಕಣದ ನಡುವೆ ನಿಂತು, ಯಾವ ಮೂಲೆಗೆ ಓಡಲಿ, ಯಾವುದನ್ನು ಮುಚ್ಚಲಿ ಎಂದು ತಿಳಿಯದೆ ಗೊಳೋ ಎಂದು ಅತ್ತೆ. ಅತ್ತೆ ಎಂದು ಬರೆಯಲು ನಾಚಿಕೆಯಿಲ್ಲ. ಅಷ್ಟರಲ್ಲಿ ಬೀದಿಯ ಕಡೆಯಿಂದ ಗೌರಕ್ಕನ ಗಂಟಲು — "ಬರ್ರೇ, ಜಯನ್ ಇಟ್ಗೆ ಓಯ್ತಾವೆ, ಬರ್ರೇ!" — ಆಮೇಲೆ ಅವಳೇ, ತಲೆಯ ಮೇಲೆ ಕಬ್ಬಿನ ಸೋಗೆಯ ಹೊರೆ. ಹಿಂದೆ ಬೀದಿಯ ಹೆಂಗಸರು, ಗೋಣಿಚೀಲ, ಚಾಪೆ, ಕೈಗೆ ಸಿಕ್ಕಿದ್ದೆಲ್ಲ. ಕಾಲ್ಗುಣ ಎಂದವರೂ ಇದ್ದರು ಆ ಗುಂಪಿನಲ್ಲಿ. ಗೌರಕ್ಕ ಕರೆದರೆ ಬಾರದಿರುವ ಧೈರ್ಯ ಯಾರಿಗಿತ್ತು? ಮುಕ್ಕಾಲು ಪಾಲು ಇಟ್ಟಿಗೆ ಉಳಿಯಿತು. ಮಳೆ ನಿಂತ ಮೇಲೆ ಅವಳ ಮನೆ ಹಿತ್ತಲಿಗೆ ಹೋಗಿ ನೋಡಿದರೆ ಕೊಟ್ಟಿಗೆಗೆ ಮಾಡೇ ಇರಲಿಲ್ಲ. ಅದರ ಸೋಗೆಯನ್ನೇ ಎಳೆದು ತಂದಿದ್ದಳು. ಹಸು ನೆನೆದು ನಿಂತಿತ್ತು.

"ಏನ್ ಕೊಡ್ಲಿ ಅಕ್ಕ ನಿನ್ಗೆ?" ಎಂದೆ.

"ಏನ್ ಕೊಟ್ಟೀಯೆ ನೀನು? ಮುಯ್ಯಿ ಕಣ್ ಜಯ. ನನ್ ನಾಟಿಗ್ ಬಾ, ತೀರ್ತದೆ."

ಮುಯ್ಯಿ ಎಂದರೆ ನಮ್ಮ ಕಡೆ ಕೆಲಸಕ್ಕೆ ಕೆಲಸ. ನೀನು ನನ್ನ ಗದ್ದೆಗೆ ಬಾ, ನಾನು ನಿನ್ನ ಗದ್ದೆಗೆ ಬರುತ್ತೇನೆ. ಕೂಲಿ ಕೊಟ್ಟು ತೀರಿಸುವಂತಿಲ್ಲ, ಬೇರೆ ಆಳು ಕಳಿಸಿದರೂ ಅಷ್ಟು ಲಕ್ಷಣವಲ್ಲ. ನಾನೇ ಬರ್ತೀನಿ ಅಕ್ಕ ಎಂದು ಅವಳ ಕೈ ಹಿಡಿದು ಹೇಳಿದೆ. ಆಗ ಮನಸ್ಸಿನಲ್ಲಿ ಸುಳ್ಳು ಇರಲಿಲ್ಲ.

ಉಳಿದ ಇಟ್ಟಿಗೆ ಸುಟ್ಟೆ. ಗೂಡು ಬಿಚ್ಚಿದಾಗ ಬಣ್ಣ ನೋಡಿ ಯಜಮಾನರು ಮಂಚದ ಮೇಲೆ ಒಂದು ಇಟ್ಟಿಗೆ ತರಿಸಿಕೊಂಡು ತಲೆದಿಂಬಿನ ಪಕ್ಕ ಇಟ್ಟುಕೊಂಡರು. ಆದರೆ ಕೊಳ್ಳುವವರು? ಹೆಂಗಸಿನ ಗೂಡು ಎಂದು ಬಂದವರು ನೋಡಿಕೊಂಡು ವಾಪಸ್ಸು ಹೋಗುತ್ತಿದ್ದರು. ಆಳುಗಳಿಗೆ ಕೊಡಲು ಇಲ್ಲ, ಯಜಮಾನರ ಔಷಧಿಗೆ ಇಲ್ಲ. ಆಷಾಢ ಕಳೆಯುವ ಹೊತ್ತಿಗೆ ನಾನು ನಿಜವಾಗಿ ಹೆದರಿದ್ದೆ.

ಆಗ ಕೆ.ಆರ್.ಎಸ್.ನಲ್ಲಿ ಲಾಡ್ಜು ಕಟ್ಟಿಸುತ್ತಿದ್ದ ಒಬ್ಬ ಮೇಸ್ತ್ರಿ ಹೇಳಿ ಕಳಿಸಿದ: ನಾಳೆ ಬೆಳಿಗ್ಗೆ ಬಂದು ಮಾಲು ನೋಡುತ್ತೇನೆ, ಒಪ್ಪಿದರೆ ಪೂರಾ ತೆಗೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಪಾಂಡವಪುರದ ಹತ್ತಿರ ಇನ್ನೊಂದು ಗೂಡು ನೋಡಿಟ್ಟಿದ್ದೇನೆ. ನಾಳೆ ಬೆಳಿಗ್ಗೆ — ಅದೇ ಗೌರಕ್ಕನ ನಾಟಿ. ನಾಲೆಯಲ್ಲಿ ಅವಳ ತೂಬಿನ ಸರದಿ ಬಂದಿತ್ತು, ಗದ್ದೆಗೆ ನೀರು ಕಟ್ಟಿದ್ದಳು, ಸಸಿ ಬಿಟ್ಟ ಒಟ್ಟಲಲ್ಲಿ ಪೈರು ಹದವಾಗಿ ಬೆಳೆದು ನಿಂತಿತ್ತು.

ಯಜಮಾನರು ಹೇಳಿದರು: "ಗೌರಕ್ಕಂಗೆ ಇದ್ದುದ್ದು ಇದ್ದಂಗೆ ಯೋಳು. ಓಗು ಅಂತಳೆ."

ಅವಳು ಹೋಗು ಎನ್ನುತ್ತಾಳೆ ಎಂದು ನನಗೂ ಗೊತ್ತಿತ್ತು. ಅದೇ ನನಗೆ ಆಗದ್ದು. ಇಟ್ಟಿಗೆ ಉಳಿಸಿಕೊಟ್ಟಳು — ಅದೊಂದು ಋಣ. ಈಗ ನಾಟಿಯಿಂದಲೂ ಬಿಟ್ಟರೆ — ಅದೊಂದು ಋಣ. ಎಷ್ಟು ಅಂತ ಒಬ್ಬಳ ಮುಂದೆ ಕೈ ಚಾಚುವುದು? ನಾನು ಯಾರ ಹಂಗಿನಲ್ಲೂ ಇಲ್ಲ ಎಂದು ಊರಿಗೆಲ್ಲ ತೋರಿಸಬೇಕು ಎಂಬ ಹಟ ತಲೆಗೆ ಹತ್ತಿತ್ತು. ಇನ್ನೊಂದು ಹೆದರಿಕೆಯೂ ಇತ್ತು: ಬೀದಿಯ ಹೆಂಗಸರೆಲ್ಲ ಕೆಸರಲ್ಲಿ ಬಗ್ಗಿರುವಾಗ ಇವಳು ವ್ಯಾಪಾರಕ್ಕೆ ಹೋದಳು ಎಂಬ ಮಾತು ಬರುತ್ತದಲ್ಲ. ಯಾರೂ ಎದುರಾಡದ ಒಂದು ಕಾರಣ ಬೇಕಿತ್ತು. ಹೊರಗಾದವಳು ಪೈರು ಮುಟ್ಟಬಾರದು, ಗದ್ದೆಗೆ ಇಳಿಯಬಾರದು. ಅದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ, ಸುಳ್ಳೋ ನಿಜವೋ ಯಾರೂ ನೋಡುವುದೂ ಇಲ್ಲ.

ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ಕೂಗಿದಳು. "ಜಯಾ, ಒಂಟ್ಯಾ?"

ಒಳಗಿನಿಂದಲೇ ಹೇಳಿದೆ: "ಅಕ್ಕ, ಒರ್ಗಾಗಿವ್ನಿ."

"ಅಯ್ಯೋ, ನೀನೇನ್ ಮಾಡಕಾದದು ಬುಡು. ಮಲಿಕೊ" ಎಂದು ಹೋದಳು. ಹೆಜ್ಜೆ ಸದ್ದು ಮರೆಯಾಗುವವರೆಗೆ ಕಾದು, ಪೆಟ್ಟಿಗೆಯಿಂದ ಮದುವೆ ಸೀರೆ ತೆಗೆದು ಉಟ್ಟುಕೊಂಡೆ. ಅವಳ ಗದ್ದೆ ಊರಿನ ಆ ತುದಿ, ನನ್ನ ಗೂಡು ಈ ತುದಿ. ಹಿತ್ತಲಿನ ದಾರಿ ಹಿಡಿದೆ.

ಮೇಸ್ತ್ರಿ ಬಂದ. ಎರಡು ಇಟ್ಟಿಗೆ ಒಂದಕ್ಕೊಂದು ತಟ್ಟಿ ಕಿವಿಗೊಟ್ಟು ಕೇಳಿದ. ಒಂದನ್ನು ನೆಲಕ್ಕೆ ಬೀಳಿಸಿದ. ಮೂಲೆ ಕೂಡ ಮುಕ್ಕಾಗಲಿಲ್ಲ. ದರದಲ್ಲಿ ಅವನು ಜಗ್ಗಿದ, ನಾನು ಬಿಡಲಿಲ್ಲ. ಕೊನೆಗೆ ನಕ್ಕು, ಪೂರಾ ಮಾಲು ನನಗೇ ಇರಲಿ ಎಂದ. ಬದುಕಿದೆ ಎನ್ನಿಸಿತು. ಹಾಗೆ ಅನ್ನಿಸಿದ್ದು ಸುಳ್ಳಲ್ಲ. ಆ ಒಂದು ವ್ಯಾಪಾರದಿಂದಲೇ ನನ್ನ ಗೂಡು ನಿಂತಿತು.

ಮನೆಗೆ ಬಂದು ಹಳೆ ಸೀರೆ ಉಟ್ಟು, ಪಕ್ಕದ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂತೆ. ಸುಳ್ಳು ಹೇಳಿದ ಮೇಲೆ ವೇಷವನ್ನೂ ಹಾಕಬೇಕಲ್ಲ. ಸಂಜೆಗೆ ಗೌರಕ್ಕ ಬಂದಳು. ಕೈಯಲ್ಲಿ ಮುದ್ದೆ, ಉಪ್ಸಾರು. ಮುಟ್ಟದ ಹಾಗೆ ಸ್ವಲ್ಪ ದೂರದಲ್ಲಿ ಇಟ್ಟಳು. ನಾನು ಅವಳ ಕಾಲು ನೋಡಿದೆ. ನಾಟಿ ಹಾಕಿದವಳ ಕಾಲಲ್ಲ ಅದು. ಕೆಸರಿನ ಕಲೆಯೇ ಇರಲಿಲ್ಲ.

"ಯಾಕಕ್ಕ, ಗದ್ದೆಗ್ ಇಳಿಲಿಲ್ವಾ?"

"ಇವತ್ ಬ್ಯಾಡ ಅಂದೆ. ಪಕ್ಕದ್ ಗದ್ದೆ ಸಾಕಮ್ಮಂಗೆ ನನ್ ನೀರ್ ಸರದಿ ಬುಟ್ಕೊಟ್ಟೆ, ಎಲ್ಲಾರೂ ಅವಳ್ ನಾಟಿ ಮಾಡುದ್ರು. ನೀನ್ ನೀರ್ ಉಯ್ಕಂಡ್ ಎದ್ ಬಾ. ಮೊದಲ್ನೇ ಪೈರು ನಿನ್ ಕೈಲೇ ಆಕಿಸ್ಬೇಕು ಅಂತ ನಾನ್ ಅವತ್ತೇ ಅನ್ಕಂಡಿದ್ದು. ಅವ್ರೆಲ್ಲ ಕಣ್ ಬುಟ್ಕಂಡ್ ನೋಡ್ಲಿ."

ಅವತ್ತೇ ಎಂದರೆ ಚಪ್ಪರದಲ್ಲಿ ಅರಿಶಿನದ ತಟ್ಟೆ ನನ್ನನ್ನು ದಾಟಿ ಹೋದ ದಿನ. ನಾಟಿಯ ಮೊದಲನೆಯ ಪೈರನ್ನು ಮುತ್ತೈದೆಯ ಕೈಯಲ್ಲಿ, ಗಂಗಮ್ಮನಿಗೆ ಪೂಜೆ ಮಾಡಿ ಹಾಕಿಸುತ್ತಾರೆ. ಬೀದಿಯಲ್ಲಿ ಮುತ್ತೈದೆಯರಿಗೆ ಬರವಿರಲಿಲ್ಲ. ಆದರೂ ಅವಳಿಗೆ ನನ್ನ ಕೈಯೇ ಬೇಕಿತ್ತು — ಊರು ಕೆಟ್ಟ ಕೈ ಎಂದದ್ದನ್ನು ತನ್ನ ಗದ್ದೆಯಲ್ಲಿ, ತನ್ನ ಬೆಳೆಯ ಮೇಲೆ ಇಟ್ಟು, ಸುಳ್ಳು ಎಂದು ತೋರಿಸಬೇಕಿತ್ತು. ಅದಕ್ಕಾಗಿ ಕಟ್ಟಿದ ನೀರನ್ನು ಬಿಟ್ಟುಕೊಟ್ಟು ಬಂದಿದ್ದಳು.

ಆಗ ಹೇಳಬಹುದಿತ್ತು. ಬೆಳಗಿನ ಸುಳ್ಳಿಗೆ ಹೊಟ್ಟೆಪಾಡಿನ ನೆಪವಾದರೂ ಇದೆ. ಆ ಸಂಜೆಯ ಮೌನಕ್ಕೆ ಯಾವ ನೆಪವೂ ಇಲ್ಲ. ಒಳಗಿನಿಂದ ಯಜಮಾನರು "ಜಯಾ" ಎಂದು ಒಂದು ಸಲ ಕರೆದರು. ಯಾಕೆ ಕರೆದರು ಎಂದು ನನಗೆ ಗೊತ್ತಿತ್ತು. ನಾನು ತಲೆ ಬಗ್ಗಿಸಿ ಅವಳು ತಂದ ಮುದ್ದೆ ಮುರಿದೆ. ಅವಳು ನಗುತ್ತಾ ಎದ್ದು ಹೋದಳು.

ಆಮೇಲೆ ಆದದ್ದು ಬೇಗ ಆಯಿತು. ಎರಡು ದಿನದ ಮೇಲೆ ನಾಲೆಯ ಏರಿ ಮೇಲ್ಗಡೆ ಒಡೆಯಿತು, ನೀರು ನಿಲ್ಲಿಸಿದರು. ಏರಿ ಕಟ್ಟಿ ಮತ್ತೆ ನೀರು ಬಿಡುವ ಹೊತ್ತಿಗೆ ಗೌರಕ್ಕನ ಪೈರು ಒಟ್ಟಲಲ್ಲೇ ಬಲಿತು ಗೆಣ್ಣು ಬಂದಿತ್ತು. ಆದರೂ ಅವಳು ಮಾತು ತಪ್ಪಲಿಲ್ಲ. ಎಲ್ಲರ ಮುಂದೆ ನನ್ನ ಕೆನ್ನೆಗೆ ಅರಿಶಿನ ಹಚ್ಚಿಸಿ, ಮೊದಲನೆಯ ಪೈರು ನನ್ನ ಕೈಗೆ ಕೊಟ್ಟಳು. ಹಾಕಿದೆ. ಹಾಕುವ ಮುಂಚೆ ನಾನು ಹಿಂದುಮುಂದು ನೋಡಿದ್ದನ್ನು ಸಂಕೋಚ ಎಂದು ತಿಳಿದು, "ಆಕವ್ವ, ಆಕು" ಎಂದು ಧೈರ್ಯ ಹೇಳಿದಳು.

ಬಲಿತ ಪೈರು ತೆಂಡೆ ಹೊಡೆಯುವುದಿಲ್ಲ. ಒಂದೊಂದು ಕಡ್ಡಿ ಒಂಟಿಯಾಗಿ ನಿಂತಿತು. ಸುಗ್ಗಿಯಲ್ಲಿ ಕಣದ ರಾಶಿ ನೋಡಿ ಸಾಕಮ್ಮ, "ಅವಳ್ ಕೈಲಿ ಆಕಿಸಿದ್ಯಲ್ಲ, ಇನ್ನೇನಾದದು?" ಎಂದಳು. ನಾನು ಅಲ್ಲೇ ಇದ್ದೆ. ಗೌರಕ್ಕ ಹಾವಿನ ಹಾಗೆ ತಿರುಗಿದಳು: "ಅವಳ್ ಕೈಗೇನಾಗಿತ್ತೇ? ನಾನ್ ತಡ್ದೆ, ಪೈರ್ ಬಲ್ತೋಯ್ತು. ತಪ್ ನಂದು. ಅವಳ್ನ ಯಾಕಂತೀರಿ?"

ತಪ್ಪು ನಂದು ಎಂದು ಅವಳ ಬಾಯಿಂದಲೇ ಬಂತು. ನಂಜೇಗೌಡನಿಗೆ ಬೇಕಾದದ್ದೂ ಅಷ್ಟೇ. "ಕೇಳಿದ್ರಲ್ಲ, ಬೇಸಾಯ ಗೊತ್ತಿಲ್ದೋಳು ಅಂತ ನಾನ್ ಅವತ್ತೇ ಅಂದಿದ್ದೆ" ಎಂದ. ಗದ್ದೆ ಬಿಡಿಸಿಕೊಂಡ. ಹಸು ಹೊಡೆದುಕೊಂಡು ಗೌರಕ್ಕ ನಾಗಮಂಗಲದ ಕಡೆ ತಮ್ಮನ ಮನೆಗೆ ಹೋದಳು. ಹೊರಡುವ ಮುಂಚೆ ನಮ್ಮ ಮನೆಗೆ ಬಂದು ಯಜಮಾನರನ್ನು ಮಾತಾಡಿಸಿ, ನನ್ನ ತಲೆ ಸವರಿ, ಗೂಡು ಬಿಡಬ್ಯಾಡ ಕಣೆ ಎಂದಳು. ಬಿಡಲಿಲ್ಲ. ಆಮೇಲೆ ನನ್ನನ್ನು ಚಪ್ಪರಗಳಿಗೂ ಕರೆದರು, ಅರಿಶಿನದ ತಟ್ಟೆಯೂ ಬಂತು. ಗೌರಕ್ಕ ಊರ ಮುಂದೆ ಹಾಕಿಸಿದ ಆ ಒಂದು ಪೈರಿನಿಂದ, ಬೆಳೆ ಕೆಟ್ಟ ತಪ್ಪನ್ನು ಅವಳೇ ಹೊತ್ತುಕೊಂಡದ್ದರಿಂದ.

ವರ್ಷಗಳು ಹೋದವು. ಗೂಡು ಬೆಳೆಯಿತು. ಯಜಮಾನರು ಕೋಲು ಹಿಡಿದು ಓಡಾಡುವಂತಾದರು. ಹೋದ ವರ್ಷ ಕೆ.ಆರ್.ಪೇಟೆಯಲ್ಲಿ ಹೆಂಗಸರ ಒಂದು ಸಭೆಗೆ ನನ್ನನ್ನು ಕರೆದರು, ವ್ಯಾಪಾರ ಮಾಡಿ ಗೆದ್ದವಳು ಅಂತ. ಸಂತೆಬಾಚಹಳ್ಳಿ ಕಡೆಯ ಒಬ್ಬ ಹುಡುಗಿ ಎದ್ದು ಕೇಳಿದಳು: "ಕಷ್ಟದಲ್ಲಿ ನಿಮ್ ಕೈ ಹಿಡ್ದೋರು ಯಾರಮ್ಮ?" ಗೌರಕ್ಕನ ಹೆಸರು ನಾಲಿಗೆಯ ತುದಿಗೆ ಬಂತು. ಅವಳ ಹೆಸರು ತೆಗೆದರೆ ಮುಂದಿನ ಪ್ರಶ್ನೆ — ಈಗ ಎಲ್ಲವ್ರೆ ಅವ್ರು? "ಯಾರೂ ಇಲ್ಲ ಕಣವ್ವ, ನನ್ ಎರಡು ಕೈ" ಎಂದೆ. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. ಬಸ್ಸಿನಲ್ಲಿ ಆ ಶಾಲನ್ನು ಮಡಿಸಿ ಚೀಲದ ಅಡಿಗೆ ತುರುಕಿದೆ. ಒಂದು ಕಾಲದಲ್ಲಿ ಋಣ ಭಾರ ಎನ್ನಿಸಿ ಸುಳ್ಳು ಹೇಳಿದ್ದೆ. ಋಣವೇ ಇಲ್ಲ ಎನ್ನುವವರೆಗೆ ಬಂದಿದ್ದೆ ಈಗ.

ಯಜಮಾನರ ಹತ್ತಿರ ಹೇಳಿದೆ. ಅವರು ಬೈಯಲಿಲ್ಲ. "ಬಸ್ಸು ನಾಗಮಂಗಲಕ್ಕೂ ಓಯ್ತದಲ್ಲೇ" ಎಂದರು ಅಷ್ಟೇ.

ಹೋದೆ. ಗೌರಕ್ಕ ತಮ್ಮನ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿತು. ಬದುವಿನ ಮೇಲೆ ಕೂತು, ಯಜಮಾನರನ್ನು, ಗೂಡನ್ನು, ಬೀದಿಯವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿದಳು. ಆಮೇಲೆ ನಾನು ಹೇಳಿದೆ. ಮೊದಲಿನಿಂದ, ಮದುವೆ ಸೀರೆ ಉಟ್ಟದ್ದನ್ನೂ ಬಿಡದೆ.

ಅವಳು ಕೈಯಲ್ಲಿದ್ದ ಕಳೆಯ ಬೇರಿನ ಮಣ್ಣು ಕೊಡವಿದಳು. "ಆ ಸಂಜೆಲಿ ನಾಲೆಲಿ ನೀರಿತ್ತು ಕಣ್ ಜಯ" ಎಂದಳು. "ಒಂದ್ ಮಾತ್ ಅಂದಿದ್ರೆ ಮಾರ್ನೇ ದಿನ್ವೇ ನಾಟಿ ಆಗೋಗದು."

"ತಪ್ಪಾಯ್ತಕ್ಕ" ಎಂದು ಕಾಲು ಹಿಡಿಯಲು ಹೋದೆ. ಕಾಲು ಹಿಂದಕ್ಕೆ ತೆಗೆದುಕೊಂಡಳು.

"ನನ್ಗ್ಯಾಕ್ ಬಂದ್ ಯೋಳೀಯೆ? ನನ್ ಬೇಸಾಯ ನನ್ಗೆ ಗೊತ್ತದೆ. ಗೊತ್ತಿಲ್ಲ ಅಂದೋರ್ ಊರಲ್ಲವ್ರೆ. ಓಗ್ ಅವ್ರಿಗ್ ಯೋಳು."

ಎದ್ದು ಮತ್ತೆ ಕಳೆ ಸಾಲಿಗೆ ಬಗ್ಗಿದಳು. ಉಣ್ಣುವ ಹೊತ್ತಾಗಿತ್ತು. ನಮ್ಮ ಕಡೆ ಶತ್ರು ಬಂದರೂ ಉಂಡು ಹೋಗು ಎನ್ನುತ್ತಾರೆ. ಗೌರಕ್ಕ ಅನ್ನಲಿಲ್ಲ. ನಾನು ಹೊಲ ದಾಟಿ ರಸ್ತೆಗೆ ಬರುವವರೆಗೂ ಅವಳು ತಲೆ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದೆ. ಊರೆಲ್ಲ ಸೇರುವ ಜಾಗ ಅದು. ನಂಜೇಗೌಡ ಸಾಲಿನಲ್ಲಿದ್ದ, ಸಾಕಮ್ಮನೂ ಇದ್ದಳು. ನನಗೆ ಗಂಟಲು ದೊಡ್ಡದು, ಅವತ್ತು ಅದು ಉಪಯೋಗಕ್ಕೆ ಬಂತು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಹೊರಗಾಗಿರಲಿಲ್ಲ ಎಂಬ ಮಾತನ್ನು ಗಂಡಸರ ಮುಂದೆ ಆಡಬಾರದು ಎಂದು ಯಾರೋ ಸೆರಗು ಎಳೆದರು. ಬಿಡಿಸಿಕೊಂಡು ಪೂರಾ ಹೇಳಿದೆ.

"ಆಗಿದ್ದು ಆಗೋಯ್ತು, ಈಗ್ಯಾಕವ್ವ ಅದೆಲ್ಲ?" ಎಂದ ನಂಜೇಗೌಡ.

"ಗೌರಕ್ಕಂಗೆ ಬೇಸಾಯ ಗೊತ್ತಿಲ್ಲ ಅಂದಿದ್ರಲ್ಲ ಗೌಡ್ರೆ, ಅದು ಸುಳ್ಳು. ಅಷ್ಟು ಒಪ್ಕೊಳಿ."

ಅವನು ಕ್ಯಾನು ಎತ್ತಿಕೊಂಡು ಹೋದ. ಗದ್ದೆ ಅವನ ಹತ್ತಿರವೇ ಇದೆ; ಅದನ್ನು ವಾಪಸ್ಸು ಕೊಡಿಸುವ ಶಕ್ತಿ ನನ್ನ ಮಾತಿಗೆ ಇಲ್ಲ. ಸಾಕಮ್ಮ ಮಾತ್ರ ನನ್ನನ್ನೇ ನೋಡುತ್ತಾ ನಿಂತಿದ್ದಳು.

"ನಿನ್ ಕೈ ಸರಿಯಿಲ್ಲ ಅಂದ್ಬುಟ್ನಲ್ಲ ಅಂತ ಇಷ್ಟ್ ವರ್ಷ ಬೇಜಾರಾಗಿದ್ದೆ ಕಣ್ ಜಯ," ಎಂದಳು. "ಸರ್ಯಾಗೇ ಅಂದಿದ್ದೆ ಬುಡು."

ಖಾಲಿ ಕ್ಯಾನು ತೆಗೆದುಕೊಂಡು ಗೂಡಿಗೆ ಹೋಗಿ, ಅಲ್ಲಿದ್ದ ಆಳುಗಳಿಗೂ ಹೇಳಿದೆ. ಇಲ್ಲಿ ಬರೆಯುತ್ತಿರುವುದೂ ಅದನ್ನೇ. ಕೆ.ಆರ್.ಪೇಟೆಯ ಹೆಂಗಸರು ಮುಂದಿನ ವಾರ ಮತ್ತೆ ಸೇರುತ್ತಾರಂತೆ. ಈ ಸಲ ಅವರು ಕರೆದಿಲ್ಲ, ನಾನಾಗಿಯೇ ಹೋಗುತ್ತಿದ್ದೇನೆ. ಆ ಹುಡುಗಿಯನ್ನು ಹುಡುಕಿ ಗೌರಕ್ಕನ ಹೆಸರು ಹೇಳಬೇಕು, ಅವಳೀಗ ಎಲ್ಲಿದ್ದಾಳೆ, ಯಾಕೆ ಅಲ್ಲಿದ್ದಾಳೆ ಎಂಬುದನ್ನೂ ಹೇಳಬೇಕು.